ಮೈಲೇಜ್ ಕೇಳುವ ಮೊದಲು ಓಡಾಟ ಲೆಕ್ಕ ಹಾಕಿ

ಕಳೆದ ಮಳೆಗಾಲದಲ್ಲಿ ಅಪ್ಪ ಬೈಕಿನಿಂದ ಬಿದ್ದರು. ಬೂದಿಗೆರೆ ಕ್ರಾಸ್ ಹತ್ತಿರ ರಸ್ತೆ ಅಗೆದು ಮಣ್ಣು ಮುಚ್ಚಿದ್ದ ಜಾಗದಲ್ಲಿ ಮುಂದಿನ ಚಕ್ರ ಜಾರಿ ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಯಲಹಂಕದ ನಮ್ಮ ಮನೆಯಿಂದ ಹೊಸಕೋಟೆಯ ಅವರ ಕಾರ್ಖಾನೆಗೆ 32 ಕಿ.ಮೀ., ಹೋಗಿ ಬಂದರೆ 64. ಹದಿನಾಲ್ಕು ವರ್ಷ ಬಿಸಿಲು, ಮಳೆ, ದೂಳು ಎನ್ನದೆ ಬೈಕಿನಲ್ಲೇ ಓಡಾಡಿದ ಮನುಷ್ಯ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಮ್ಮ ತೀರ್ಪು ಕೊಟ್ಟಳು: ‘ಇನ್ನು ಆ ಬೈಕ್ ಮುಟ್ಟಬೇಡಿ. ಹಳೇದೋ ಹೊಸದೋ, ಒಂದು ಕಾರು ತಗೊಳ್ಳಿ’.

ಅಪ್ಪನಿಗೆ ಮೊದಲೇ ಮಂಡಿ ನೋವು. ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕ್ಲಚ್ ತುಳಿಯುವುದು ಆಗದ ಮಾತು, ಆಟೊಮ್ಯಾಟಿಕ್ ಕಾರೇ ಬೇಕು. ಅಷ್ಟರಲ್ಲಿ ಒಂದು ಭಾನುವಾರ ಚಿಕ್ಕಪ್ಪ ತಮ್ಮ ಹೈಬ್ರಿಡ್ ಕಾರಿನಲ್ಲಿ ಬಂದು ಅಪ್ಪನನ್ನು ಒಂದು ಸುತ್ತು ಕರೆದುಕೊಂಡು ಹೋದರು. ಗೇಟಿನಿಂದ ಕಾರು ಸದ್ದೇ ಇಲ್ಲದೆ ಹೊರಟಿತು. ವಾಪಸ್ ಬಂದ ಅಪ್ಪನ ಮುಖದಲ್ಲಿ ಬೇರೆಯೇ ಕಳೆ. ‘ಲೀಟರಿಗೆ ಇಪ್ಪತ್ತು ಕೊಡುತ್ತಂತೆ ಕಣೋ, ಅದೂ ಸಿಟಿಯಲ್ಲಿ! ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸಿಕ್ಕಿದ್ರೆ ಪೆಟ್ರೋಲ್ ದುಡ್ಡಲ್ಲೇ ಕಾರಿನ ದುಡ್ಡು ವಾಪಸ್ ಬರುತ್ತೆ. ನೀನು ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ನೀನೇ ನೋಡಿ ಹೇಳಪ್ಪ’ ಎಂದರು.

ಇಪ್ಪತ್ತು ವರ್ಷದಲ್ಲಿ ಅಪ್ಪ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಹಿಂದಿನ ಸೆಮಿಸ್ಟರ್‌ನಲ್ಲಷ್ಟೇ ನಾನು ಟೆಕ್ನಿಕಲ್ ಸೆಮಿನಾರ್ ಕೊಟ್ಟಿದ್ದು ಹೈಬ್ರಿಡ್ ವಾಹನಗಳ ಬಗ್ಗೆಯೇ. ಹಾಗಾಗಿ ಖುಷಿಯಿಂದ ಎದೆ ಉಬ್ಬಿತು. ಆದರೆ ಕಾರಿಗೆ ಹಾಕಲಿರುವ ಹಣ ಯಾವುದು ಎಂದು ನೆನಪಾದಾಗ ಉಬ್ಬಿದ ಎದೆ ಸ್ವಲ್ಪ ಇಳಿಯಿತು. ನನ್ನ ಎಂ.ಟೆಕ್‌ಗೆ, ತಂಗಿಯ ಮುಂದಿನ ಓದಿಗೆ ಎಂದು ಕೂಡಿಟ್ಟ ಒಂಬತ್ತು ಲಕ್ಷದ ಎಫ್.ಡಿ. ಅದು. ತಪ್ಪಾದರೆ ಪೆಟ್ಟು ಬೀಳುವುದು ನಮ್ಮಿಬ್ಬರ ಓದಿಗೆ.

ಎಲ್ಲ ಹೈಬ್ರಿಡ್‌ಗಳೂ ಒಂದೇ ಅಲ್ಲ

ಮೊದಲು ಹೋದ ಮಳಿಗೆಯಲ್ಲಿ ಒಂದು ಸೆಡಾನ್ ತೋರಿಸಿದರು. ‘ಹೈಬ್ರಿಡ್ ಸಾರ್, ಅದಕ್ಕೇ ಅರವತ್ತು ಸಾವಿರ ಜಾಸ್ತಿ’ ಎಂದರು. ಕಾರಿನ ಹಿಂದೆ ಹೈಬ್ರಿಡ್ ಎಂಬ ಅಕ್ಷರವೂ ಇತ್ತು. ಆರ್‌.ಸಿ.ಯಲ್ಲಿ ಇಂಧನದ ಜಾಗದಲ್ಲಿ ‘ಪೆಟ್ರೋಲ್/ಹೈಬ್ರಿಡ್’ ಎಂದೂ ಇತ್ತು. ಅಪ್ಪ ತಲೆ ಅಲ್ಲಾಡಿಸಿಬಿಟ್ಟಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಎಂಜಿನ್ ಆಫ್ ಇದ್ದಾಗ ಈ ಕಾರು ಮುಂದೆ ಹೋಗುತ್ತಾ?’ ಆತ ನಕ್ಕು, ‘ಅದು ಹೇಗೆ ಹೋಗುತ್ತೆ ಸಾರ್’ ಎಂದರು.

ಅಲ್ಲಿಗೆ ಉತ್ತರ ಸಿಕ್ಕಿತು. ಅದು ಮೈಲ್ಡ್ ಹೈಬ್ರಿಡ್. ಅದರಲ್ಲಿರುವ ಚಿಕ್ಕ ಮೋಟಾರು ಸಿಗ್ನಲ್‌ನಲ್ಲಿ ನಿಂತ ಎಂಜಿನ್ ಮತ್ತೆ ಶುರುವಾಗಲು ನೆರವಾಗುತ್ತದೆ, ವೇಗ ಹೆಚ್ಚಿಸುವಾಗ ಸ್ವಲ್ಪ ಕೈಜೋಡಿಸುತ್ತದೆ. ಅಷ್ಟೇ. ಚಕ್ರವನ್ನು ತಾನೊಂದೇ ತಿರುಗಿಸುವ ಶಕ್ತಿ ಅದಕ್ಕಿಲ್ಲ. ಇದು ಕೆಟ್ಟ ತಂತ್ರಜ್ಞಾನ ಅಂತಲ್ಲ, ಆದರೆ ಪೆಟ್ರೋಲ್ ಉಳಿತಾಯವೂ ಅದರ ಮೋಟಾರಿನಷ್ಟೇ ಚಿಕ್ಕದು.

ಚಿಕ್ಕಪ್ಪನದು ಸ್ಟ್ರಾಂಗ್ ಹೈಬ್ರಿಡ್. ನಮ್ಮ ದೇಶದಲ್ಲಿ ಹೋಂಡಾ ಸಿಟಿಯ ಹೈಬ್ರಿಡ್, ಮಾರುತಿ ಗ್ರ್ಯಾಂಡ್ ವಿಟಾರ ಮತ್ತು ಟೊಯೊಟಾ ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು 2022ರಲ್ಲಿ ಬಂದವು. ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕಾಣಿಸುತ್ತಿರುವುದು ಹೆಚ್ಚಾಗಿ ಇವೇ. ಕೊನೆಯ ಎರಡೂ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಎರಡರೊಳಗೂ ಇರುವುದು ಒಂದೇ ವ್ಯವಸ್ಥೆ: 1.5 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್, ಜೊತೆಗೆ ಮೋಟಾರು, 0.76 ಕಿಲೊವ್ಯಾಟ್ ಅವರ್‌ನ ಲಿಥಿಯಂ ಬ್ಯಾಟರಿ. ನಿಧಾನವಾಗಿ ಹೋಗುವಾಗ ಎಂಜಿನ್ ಆಫ್ ಆಗಿ ಮೋಟಾರೇ ಕಾರನ್ನು ಎಳೆಯುತ್ತದೆ.

‘ರಾತ್ರಿ ಚಾರ್ಜಿಗೆ ಹಾಕ್ಬೇಕಾ?’ ಎಂದು ಅಮ್ಮ ಕೇಳಿದಳು. ಬೇಡ. ಈ ಕಾರುಗಳಿಗೆ ಪ್ಲಗ್ಗೇ ಇಲ್ಲ. ಬೇರೆ ಕಾರುಗಳಲ್ಲಿ ಬ್ರೇಕ್ ಹಾಕಿದಾಗ ಓಡುವ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರ್ ಆಗಿ ಅದರ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿ ಕಡಿಮೆಯಾದರೆ ಎಂಜಿನ್ ತುಂಬಿಕೊಡುತ್ತದೆ. ಅಂದರೆ ಕೊನೆಗೂ ಖರ್ಚಾಗುವುದು ಪೆಟ್ರೋಲೇ. ವ್ಯತ್ಯಾಸವೇನೆಂದರೆ ಬೇರೆ ಕಾರು ಚೆಲ್ಲುವುದನ್ನು ಇದು ಬಾಚಿಕೊಳ್ಳುತ್ತದೆ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಚೆಲ್ಲುವುದು ಹೆಚ್ಚಿದ್ದ ಕಡೆ ಬಾಚುವುದೂ ಹೆಚ್ಚು. ಹೆಣ್ಣೂರು ರಸ್ತೆಯಲ್ಲಿ ನಿಂತು ನಿಂತು ಹೋಗುವ ಕಾರಿಗೆ ಹೈಬ್ರಿಡ್‌ನಿಂದ ಆಗುವ ಲಾಭ, ತುಮಕೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರಿಗೆ ಆಗುವುದಿಲ್ಲ. ಗ್ರ್ಯಾಂಡ್ ವಿಟಾರ ಸ್ಟ್ರಾಂಗ್ ಹೈಬ್ರಿಡ್‌ಗೆ ಪ್ರಮಾಣೀಕೃತ ಮೈಲೇಜ್ 27.97 ಎಂದು ಜಾಹೀರಾತಿನಲ್ಲಿ ಓದಿರುತ್ತೇವೆ. ಅದು ಪ್ರಯೋಗಾಲಯದ ಪರೀಕ್ಷೆಯ ಅಂಕಿ. ಚಿಕ್ಕಪ್ಪನ ಕಾರಿನ ಪರದೆಯಲ್ಲಿ ನಾನು ಕಂಡದ್ದು 20.4. ನಾನು ನಂಬಿದ್ದು ಎರಡನೆಯದನ್ನು.

‘ಬ್ಯಾಟರಿ ಹೊಸದು ಸಾರ್’

ಎರಡನೇ ಮಳಿಗೆಯಲ್ಲಿ ನಿಜವಾದ ಸ್ಟ್ರಾಂಗ್ ಹೈಬ್ರಿಡ್ ಎಸ್‌ಯುವಿ ಸಿಕ್ಕಿತು. ಮೂರು ವರ್ಷ ಹಳೆಯದು, ಬೆಲೆ 13 ಲಕ್ಷ. ‘ಬ್ಯಾಟರಿನೂ ಹೋದ ತಿಂಗಳು ಹೊಸದು ಹಾಕ್ಸಿದೀವಿ ಸಾರ್, ಇನ್ನು ಎಂಟು ವರ್ಷ ಚಿಂತೆ ಇಲ್ಲ’ ಎಂದರು. ಬಿಲ್ ಕೇಳಿದೆ. ತಂದು ತೋರಿಸಿದ್ದು 12 ವೋಲ್ಟ್‌ನ ಸಾಮಾನ್ಯ ಬ್ಯಾಟರಿಯ ಬಿಲ್. ಹೈಬ್ರಿಡ್ ಕಾರಿನಲ್ಲಿ ದೊಡ್ಡ ಬ್ಯಾಟರಿಯ ಜೊತೆ ಲೈಟು, ಲಾಕ್, ಕಂಪ್ಯೂಟರ್‌ಗಳಿಗಾಗಿ ಇಂಥ ಚಿಕ್ಕ ಬ್ಯಾಟರಿಯೂ ಇರುತ್ತದೆ. ಕೆಲವು ಸಾವಿರಕ್ಕೆ ಸಿಗುವ ಅದನ್ನು ತೋರಿಸಿ ದೊಡ್ಡದರ ಭರವಸೆ ಮಾರುತ್ತಿದ್ದರು. ಬೇಕೆಂದೇ ಹೇಳಿದರೋ, ಅವರಿಗೇ ಗೊತ್ತಿರಲಿಲ್ಲವೋ, ತಿಳಿಯದು. ಸರ್ವಿಸ್ ದಾಖಲೆ ನೋಡಿದರೆ ನಡುವೆ ಒಂದು ವರ್ಷದ ವಿವರವೇ ಇಲ್ಲ. ನಾವು ನಮಸ್ಕಾರ ಹೇಳಿ ಹೊರಬಂದೆವು.

ಆ ಒಂದು ತಿಂಗಳ ಅಲೆದಾಟದಲ್ಲಿ ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ದೊಡ್ಡ ಬ್ಯಾಟರಿಗೆ ಮೇಲೆ ಹೇಳಿದ ಕಂಪನಿಗಳು ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ವರ್ಷ ಎಣಿಸುವುದು ಕಾರು ಮೊದಲು ಮಾರಾಟವಾದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಮೂರು ವರ್ಷದಲ್ಲಿ 1.2 ಲಕ್ಷ ಕಿ.ಮೀ. ಓಡಿದ ಕಾರಾದರೆ ವಾರಂಟಿಯ ವರ್ಷ ಉಳಿದಿದ್ದರೂ ಕಿಲೋಮೀಟರ್ ಹೆಚ್ಚು ಉಳಿದಿರುವುದಿಲ್ಲ. ವಾರಂಟಿ ಹೊಸ ಮಾಲೀಕರಿಗೆ ಮುಂದುವರಿಯುತ್ತದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಬರಹದಲ್ಲಿ ಕೇಳಿ ಪಡೆಯಬೇಕು. ಅಲ್ಲೇ ಸ್ವಲ್ಪ ಹಣ ಕೊಟ್ಟು ಹೈಬ್ರಿಡ್ ವ್ಯವಸ್ಥೆಯನ್ನು ಸ್ಕ್ಯಾನ್ ಮಾಡಿಸಬೇಕು. ಮಾರುವವರು ಸ್ಕ್ಯಾನ್ ಬೇಡವೆಂದರೆ ಕಾರೂ ಬೇಡ.

ಫೋನಿನ ಬ್ಯಾಟರಿ ಎರಡು ವರ್ಷಕ್ಕೆ ಸೊರಗುವುದನ್ನು ಕಂಡ ನಮಗೆ ಕಾರಿನ ಬ್ಯಾಟರಿ ಎಂದರೂ ಭಯ. ಆದರೆ ಹೈಬ್ರಿಡ್‌ನ ಕಂಪ್ಯೂಟರ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವುದೂ ಇಲ್ಲ, ಪೂರ್ತಿ ತುಂಬಿಸುವುದೂ ಇಲ್ಲ. ನಡುಮಟ್ಟದಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಬಾಳಿಕೆ ಹೆಚ್ಚು. ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಬಂದದ್ದು 1997ರಲ್ಲಿ. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಬ್ಯಾಟರಿಯ ಶತ್ರು ಶಾಖ. ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಣ್ಣಗಿಡಲು ಹಿಂದಿನ ಸೀಟಿನ ಆಸುಪಾಸಿನಲ್ಲಿ ಗಾಳಿ ಎಳೆದುಕೊಳ್ಳುವ ಕಿಂಡಿ ಇರುತ್ತದೆ. ಅದು ದೂಳು, ನಾಯಿಕೂದಲು ತುಂಬಿ ಮುಚ್ಚಿದೆಯೇ ಎಂದು ಬಗ್ಗಿ ನೋಡಿ. ಹಳೆಯ ಮಾಲೀಕರು ಕಾರನ್ನು ಹೇಗೆ ಇಟ್ಟುಕೊಂಡಿದ್ದರು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನವರು ನೀರನ್ನೂ ಮರೆಯುವಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೇವೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯೇ, ಕಾಲುಹಾಸಿನ ಕೆಳಗೆ ತುಕ್ಕಿದೆಯೇ ನೋಡಬೇಕು. ವಿಮೆ ಕ್ಲೇಮ್‌ಗಳ ವಿವರ ಕೇಳಬೇಕು. ಮುಳುಗಿ ಎದ್ದ ಸಾಮಾನ್ಯ ಕಾರೇ ತಲೆನೋವು. ಹೈವೋಲ್ಟೇಜ್ ತಂತಿಗಳಿರುವ ಹೈಬ್ರಿಡ್ ಅಂತೂ ಬೇಡವೇ ಬೇಡ.

ಕಾಗದಪತ್ರದಲ್ಲಿ ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದ ಕಾರಾದರೆ ಅದನ್ನು ತೆಗೆಸಲು ಫಾರಂ 35. ದೆಹಲಿ ಕಡೆಯ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿನ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲೇ ನೋಂದಣಿಯಾದ ಕಾರಿಗೆ ಆ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ. 10ರಿಂದ 20 ಲಕ್ಷದೊಳಗಿನ ಹೊಸ ಕಾರಿಗೆ ಅದು ಶೇ 17ರಷ್ಟು. ಮೇಲೆ ಹೇಳಿದ ಕಾರುಗಳು ಹೊಸದಾಗಿ ಮಾರಾಟವಾದ ಕಾಲಕ್ಕೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 43 ಇತ್ತು. ಇದನ್ನೆಲ್ಲ ಇನ್ನೊಬ್ಬರು ಹೊತ್ತ ಮೇಲೆ ನಾವು ಕೊಳ್ಳುತ್ತೇವೆ. ಹೈಬ್ರಿಡ್ ಬೇಕೇ ಬೇಕು ಎನ್ನುವವರು ಹೊಸದಕ್ಕಿಂತ ಹಳೆಯದನ್ನು ನೋಡುವುದರಲ್ಲಿ ಅರ್ಥವಿರುವುದು ಇಲ್ಲಿ.

ಒಂದು ಹಾಳೆಯ ಲೆಕ್ಕ

ಅಷ್ಟೆಲ್ಲ ತಿಳಿದ ಮೇಲೆ ಒಳ್ಳೆಯ ಹೈಬ್ರಿಡ್ ಹುಡುಕುವುದು ಕಷ್ಟವಲ್ಲ ಅನ್ನಿಸಿತು. ಆದರೆ ನಮಗೆ ಅದು ಬೇಕೇ? ಇಂಟರ್ನಲ್ಸ್‌ಗೆ ಓದಬೇಕಾಗಿದ್ದ ಒಂದು ರಾತ್ರಿ ರಫ್ ನೋಟ್‌ಬುಕ್ ತೆಗೆದು ಕುಳಿತೆ.

ಅಪ್ಪನ ಓಡಾಟ ತಿಂಗಳಿಗೆ 25 ದಿನ, ಒಟ್ಟು 1,600 ಕಿ.ಮೀ. ಪೆಟ್ರೋಲ್ ಲೀಟರಿಗೆ ₹103 ಎಂದು ಹಿಡಿದೆ. ಹೈಬ್ರಿಡ್ 20 ಕೊಟ್ಟರೆ 80 ಲೀಟರ್, ₹8,240. ಆರು ಲಕ್ಷಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಚಿಕ್ಕ ಆಟೊಮ್ಯಾಟಿಕ್ ಕಾರು ಇದೇ ರಸ್ತೆಯಲ್ಲಿ 14 ಕೊಡುತ್ತದೆ ಎಂದು ಪಕ್ಕದ ಮನೆಯ ಅಂಕಲ್ ಹೇಳಿದ್ದರು. ಆಗ ಸುಮಾರು 114 ಲೀಟರ್, ₹11,770. ತಿಂಗಳಿಗೆ ಉಳಿತಾಯ ₹3,530. ವರ್ಷಕ್ಕೆ ಸುಮಾರು ₹42,000.

ಪರವಾಗಿಲ್ಲ ಎನಿಸಿತು. ಆಮೇಲೆ ಬೆಲೆಯ ವ್ಯತ್ಯಾಸ ಬರೆದೆ: 13 ಲಕ್ಷ, 6 ಲಕ್ಷ. ವ್ಯತ್ಯಾಸ 7 ಲಕ್ಷ. ವರ್ಷಕ್ಕೆ 42 ಸಾವಿರದಂತೆ ಅದು ವಾಪಸ್ ಬರಲು ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಅಪ್ಪ ನಿವೃತ್ತರಾಗಿ ಹತ್ತು ವರ್ಷ ಕಳೆದಿರುತ್ತದೆ. ಇನ್ನೊಂದು ಸಾಲು ಬರೆದೆ. ಅದೇ 7 ಲಕ್ಷ ಬ್ಯಾಂಕಿನಲ್ಲಿ ಶೇ 7ರ ಬಡ್ಡಿಯಲ್ಲಿ ಇದ್ದರೆ ವರ್ಷಕ್ಕೆ ₹49,000. ಅಂದರೆ ಹೈಬ್ರಿಡ್ ಉಳಿಸುವ ಪೆಟ್ರೋಲಿಗಿಂತ, ಸುಮ್ಮನೆ ಕೂತ ಹಣದ ಬಡ್ಡಿಯೇ ಹೆಚ್ಚು! ನಮ್ಮಲ್ಲಿ ಇರುವುದು ಒಂಬತ್ತೇ ಲಕ್ಷವಾದ್ದರಿಂದ ನಾಲ್ಕು ಲಕ್ಷ ಸಾಲವೇ ಆಗಬೇಕಿತ್ತು, ಸಾಲದ ಬಡ್ಡಿ ಶೇ 7ಕ್ಕಿಂತ ಹೆಚ್ಚೇ. ದೊಡ್ಡ ಕಾರಿನ ವಿಮೆ, ಟೈರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಾಗಾದರೆ ಚಿಕ್ಕಪ್ಪ ಮೋಸಹೋದರೇ? ಅವರದ್ದೂ ಲೆಕ್ಕ ಹಾಕಿದೆ. ಅವರು ಔಷಧ ಕಂಪನಿಯ ಏರಿಯಾ ಮ್ಯಾನೇಜರ್. ಆಸ್ಪತ್ರೆಯಿಂದ ಆಸ್ಪತ್ರೆಗೆ ತಿಂಗಳಿಗೆ 2,500 ಕಿ.ಮೀ., ಪೂರ್ತಿ ಸಿಟಿಯೊಳಗೆ. ಅವರಿಗೆ ಹೇಗಿದ್ದರೂ ದೊಡ್ಡ ಆಟೊಮ್ಯಾಟಿಕ್ ಕಾರೇ ಬೇಕಿತ್ತು. ಅದೇ ದರ್ಜೆಯ ಮಾಮೂಲಿ ಪೆಟ್ರೋಲ್ ಆಟೊಮ್ಯಾಟಿಕ್ ಹತ್ತೂವರೆ ಲಕ್ಷಕ್ಕೆ ಸಿಗುತ್ತಿತ್ತು. ಆದರೆ ಟ್ರಾಫಿಕ್‌ನಲ್ಲಿ ಅದು ಕೊಡುವುದು 11 ಎಂದು ಅಂಥ ಕಾರಿರುವ ಇಬ್ಬರು ಹೇಳಿದ್ದರು. ಆ ಲೆಕ್ಕದಲ್ಲಿ ಚಿಕ್ಕಪ್ಪ ತಿಂಗಳಿಗೆ ಉಳಿಸುವುದು ಹತ್ತು ಸಾವಿರದ ಮೇಲೆ. ಎರಡೂವರೆ ಲಕ್ಷದ ವ್ಯತ್ಯಾಸ ಎರಡು ವರ್ಷದಲ್ಲಿ ವಾಪಸ್. ಅವರ ನಿರ್ಧಾರ ನೂರಕ್ಕೆ ನೂರು ಸರಿ. ಒಂದೇ ಕಾರು, ಒಂದೇ ಮೈಲೇಜ್. ಚಿಕ್ಕಪ್ಪನಿಗೆ ಲಾಭ, ಅಪ್ಪನಿಗೆ ನಷ್ಟ.

ನನ್ನ ವಾದ ಇಷ್ಟೇ. ‘ಹೈಬ್ರಿಡ್ ಉಳಿತಾಯವೇ?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ‘ಯಾವುದಕ್ಕೆ ಹೋಲಿಸಿದರೆ?’ ಎಂದು ಕೇಳಿದ ಮೇಲೆಯೇ. ಹದಿಮೂರು ಲಕ್ಷದ ಕಾರು ಕೊಳ್ಳುವ ಶಕ್ತಿ, ಅಗತ್ಯ ಎರಡೂ ಇದ್ದು, ಸಿಟಿಯೊಳಗೆ ತಿಂಗಳಿಗೆ ಸಾವಿರದೈನೂರಕ್ಕೂ ಹೆಚ್ಚು ಕಿ.ಮೀ. ಓಡುವವರಿಗೆ ಅದು ಉಳಿತಾಯ. ಆರು ಲಕ್ಷದ ಕಾರಿನಲ್ಲಿ ಕೆಲಸ ಆಗುವವರು ಉಳಿತಾಯದ ಹೆಸರಿನಲ್ಲಿ ಅದನ್ನು ಕೊಂಡರೆ, ಖರ್ಚಿಗೆ ಉಳಿತಾಯ ಎಂದು ಹೆಸರಿಟ್ಟಂತೆ. ಇನ್ನು ಮನೆ ಹತ್ತಿರ ಮೆಟ್ರೊ ಇದ್ದು, ಕೆಲಸದ ಜಾಗಕ್ಕೂ ಮೆಟ್ರೊ ಇದ್ದರೆ ಯಾವ ಹೈಬ್ರಿಡ್ಡೂ ಅದರ ಮುಂದೆ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಓಡಾಡುವುದು ‘ಶಕ್ತಿ’ ಟಿಕೆಟಿನಲ್ಲಿ ಕೆಲಸಕ್ಕೆ ಹೋಗುವ ಅಮ್ಮ. ಆಮೇಲೆ ಬಸ್ ಪಾಸಿನ ನಾನು.

ಮರುದಿನ ಬೆಳಿಗ್ಗೆ ಹಾಳೆಯನ್ನು ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಗುಣಾಕಾರಗಳನ್ನು ಮತ್ತೆ ಮಾಡಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಲೆಕ್ಕ ಸರಿಯಿದೆ. ಆ ಕಾರು ಸದ್ದೇ ಮಾಡಲ್ಲ ನೋಡು, ಅದು ಚೆನ್ನಾಗಿತ್ತು’ ಎಂದರು.

ನನಗೆ ಆಗ ಹೊಳೆಯಿತು. ಅಪ್ಪ ದಿನಕ್ಕೆ ಎಂಟು ಗಂಟೆ ಪ್ರೆಸ್ ಮಷಿನ್‌ಗಳ ನಡುವೆ ನಿಲ್ಲುವವರು. ಮನೆಗೆ ಬಂದ ಮೇಲೂ ಜೋರಾಗಿ ಮಾತಾಡುವುದು ಆ ಅಭ್ಯಾಸದಿಂದಲೇ. ಚಿಕ್ಕಪ್ಪನ ಕಾರಿನಲ್ಲಿ ಅವರಿಗೆ ಹಿಡಿಸಿದ್ದು ಮೈಲೇಜ್ ಅಲ್ಲ, ಆ ನಿಶ್ಶಬ್ದ. ಮೈಲೇಜ್ ಅವರು ನಮಗೆ, ತಮಗೂ ಕೊಟ್ಟುಕೊಂಡ ಕಾರಣ. ನನ್ನ ಹಾಳೆಯಲ್ಲಿ ಆ ನಿಶ್ಶಬ್ದಕ್ಕೆ ಕಾಲಂ ಇರಲಿಲ್ಲ.

‘ಹಾಗಾದ್ರೆ ತಗೊಳ್ಳೋಣ ಅಪ್ಪ, ಎಂ.ಟೆಕ್‌ಗೆ ಗೇಟ್ ಬರೆದು ಸ್ಟೈಪೆಂಡ್ ತಗೋತೀನಿ’ ಎಂದೆ. ನಿಜಕ್ಕೂ ಮನಸ್ಸಿನಿಂದಲೇ ಹೇಳಿದೆ. ಆರಾಮ ಬೇಕೆಂದು ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ, ಅದು ಆರಾಮದ ಖರ್ಚು ಎಂದು ಗೊತ್ತಿದ್ದರೆ ಆಯಿತು. ಅಪ್ಪ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ‘ಸದ್ದು ಅಭ್ಯಾಸ ಆಗಿದೆ ಬಿಡೋ’ ಎಂದರು.

ಈಗ ನಮ್ಮ ಮನೆ ಮುಂದೆ ನಾಲ್ಕು ವರ್ಷ ಹಳೆಯ ಚಿಕ್ಕ ಆಟೊಮ್ಯಾಟಿಕ್ ಕಾರು ನಿಂತಿದೆ. ಐದು ಲಕ್ಷದ ಎಂಬತ್ತು ಸಾವಿರಕ್ಕೆ ಬಂತು. ಎಫ್.ಡಿ.ಯಲ್ಲಿ ಮೂರು ಲಕ್ಷ ಚಿಲ್ಲರೆ ಉಳಿದಿದೆ. ಗೇರು ಬದಲಾಗುವಾಗ ಸ್ವಲ್ಪ ಮುಗ್ಗರಿಸುತ್ತದೆ, ಸದ್ದೂ ಇದೆ. ಮೈಲೇಜ್ ಹದಿನಾಲ್ಕರ ಆಸುಪಾಸು. ಮಳೆ ಬಂದ ದಿನ ಅಮ್ಮ ಬಾಗಿಲಲ್ಲಿ ನಿಂತು ಕಾಯುವುದಿಲ್ಲ.

ನನ್ನ ಕ್ಲಾಸಿನ ಹಲವರು ಇನ್ನೊಂದು ವರ್ಷದಲ್ಲಿ ಕೆಲಸಕ್ಕೆ ಸೇರುತ್ತಾರೆ. ಮೊದಲ ಸಂಬಳ ಬರುವ ಮೊದಲೇ ‘ಇಎಂಐ ಎಷ್ಟಾಗುತ್ತೆ’ ಎಂಬ ಮಾತು ಕ್ಯಾಂಟೀನಿನಲ್ಲಿ ಶುರುವಾಗಿದೆ. ಹೈಬ್ರಿಡ್ ಬೇಡ ಎನ್ನುವುದಿಲ್ಲ, ಆ ತಂತ್ರಜ್ಞಾನದ ಮೇಲೆ ನನಗೆ ಈಗಲೂ ಪ್ರೀತಿಯೇ. ಆದರೆ ಮಳಿಗೆಗೆ ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ತಿಂಗಳಿಗೆ ಎಷ್ಟು ಕಿಲೋಮೀಟರ್, ಅದರಲ್ಲಿ ಸಿಟಿ ಎಷ್ಟು, ಹೆದ್ದಾರಿ ಎಷ್ಟು, ಬೆಲೆಯ ವ್ಯತ್ಯಾಸ ಎಷ್ಟು, ಅದಕ್ಕೆ ಬಡ್ಡಿ ಎಷ್ಟು ಎಂದು ಬರೆಯಿರಿ. ನಾಲ್ಕು ಸಾಲು ಸಾಕು. ಐದನೇ ಸಾಲಿನಲ್ಲಿ, ಆ ಕಾರು ನಿಮಗೆ ನಿಜವಾಗಿ ಯಾಕೆ ಬೇಕು ಎಂಬುದನ್ನೂ ಬರೆದುಬಿಡಿ. ನಾನು ಅದೊಂದನ್ನು ಬರೆಯಲು ಮರೆತಿದ್ದೆ.